ತಲಿ ಇಲ್ಲದ ಗುಳಿಗಿ

ಗುಳಿಗೆ ಕತ್ತರಿಸುವುದಕ್ಕೂ ಒಂದು ಪದ್ಧತಿ ಇದೆ. ಸ್ಟ್ರಿಪ್ಪಿನ ಒಂದು ತುದಿಯಲ್ಲಿ ಅವಧಿ ಮುಗಿಯುವ ತಾರೀಖು ಒತ್ತಿರುತ್ತಾರೆ. ನಮ್ಮ ಅಂಗಡಿಯಲ್ಲಿ ಆ ತುದಿಗೆ ತಲಿ ಅನ್ನುತ್ತಿದ್ದರು, ಇನ್ನೊಂದಕ್ಕೆ ಬಾಲ. ಹಳ್ಳಿಯಿಂದ ಬಂದವರು ಪೂರ್ತಿ ಸ್ಟ್ರಿಪ್ ಕೊಳ್ಳುವುದಿಲ್ಲ. ಎರಡು ಕೊಡ್ರಿ, ನಾಕು ಕೊಡ್ರಿ ಅನ್ನುತ್ತಾರೆ. ಅವರಿಗೆ ಬಾಲದ ಕಡೆಯಿಂದ ಕತ್ತರಿಸಿ ಕೊಡಬೇಕು. ತಲಿ ಅಂಗಡಿಯಲ್ಲೇ ಉಳಿಯಬೇಕು. ತಲಿ ಹೋದರೆ ಉಳಿದ ಗುಳಿಗೆ ಯಾವ ಕಾಲದ್ದೆಂದು ಹೇಳುವವರು ಯಾರೂ ಇಲ್ಲ.

ಇದನ್ನು ನನಗೆ ಕಲಿಸಿದವರು ಮಾಶಾಕ ಚಾಚಾ. ಬೆಟಗೇರಿಯ ಆ ಅಂಗಡಿಯ ಕೌಂಟರಿನಲ್ಲಿ ಅವರು ಇಪ್ಪತ್ತೆರಡು ವರ್ಷದಿಂದ ನಿಂತಿದ್ದರು. ಕೆಲಸಕ್ಕೆ ಸೇರಿದ ಮೊದಲ ದಿನ ನಾನು ತಲಿಯ ಕಡೆಗೆ ಕತ್ತರಿ ಹಚ್ಚಿದ್ದೆ. ಚಾಚಾ ನನ್ನ ಕೈಯಿಂದ ಸ್ಟ್ರಿಪ್ ಕಿತ್ತುಕೊಂಡರು.

"ಡಿ.ಫಾರ್ಮ ಓದೀಯಂತ, ಇಷ್ಟೂ ತಿಳೀದಿಲ್ಲೇನು? ತಲಿ ಕಡದೀ ಅಂದ್ರ ಹೆಣ ಆತು. ಹೆಣಾ ಯಾರಿಗೆ ಮಾರ್ತೀ?"

ಅಂಗಡಿ ಮೈಲಾರಪ್ಪ ಸಾವಕಾರರದು. ಆದರೆ ಫಾರ್ಮಸಿ ಓದಿದವರ ಹೆಸರಿಲ್ಲದೆ ಔಷಧದ ಅಂಗಡಿ ನಡೆಸುವಂತಿಲ್ಲ. ಸಾವಕಾರರು ಓದಿದ್ದು ಎಸ್ಸೆಸ್ಸೆಲ್ಸಿ. ಹಾಗಾಗಿ ಗೋಡೆಯ ಮೇಲೆ, ಲಕ್ಷ್ಮೀ ಫೋಟೋದ ಪಕ್ಕದಲ್ಲಿ, ನನ್ನ ಸರ್ಟಿಫಿಕೇಟ್ ಇತ್ತು: ರುಹಿ ಅಲ್ಲಾಸಾಬ ನದಾಫ, ಲಕ್ಷ್ಮೇಶ್ವರ. ಗಾದಿ ಹೊಲಿಯುವ ನನ್ನಪ್ಪ ಅದಕ್ಕೆ ಚೌಕಟ್ಟು ಹಾಕಿಸಿ ತಾನೇ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದಿದ್ದ. ಅಂಗಡಿಯಲ್ಲಿ ತಪ್ಪು ನಡೆದರೆ ಕಾನೂನು ಮೊದಲು ಹುಡುಕುವುದು ಆ ಹೆಸರನ್ನು. ಅದು ಅಪ್ಪನಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು, ಆದರೂ ತೂಗುಹಾಕಿದ್ದೆ. ಕೆಲಸ ಬೇಕಿತ್ತು.

ಎರಡು ಸಾವಿರದ ಒಂಬತ್ತರ ಸೆಪ್ಟೆಂಬರ್ ಕೊನೆಗೆ ಮಳೆ ಹಿಡಿಯಿತು. ನಾಲ್ಕು ದಿನ ಬಿಡಲಿಲ್ಲ. ನಮ್ಮ ಕಡೆಯ ಮನೆಗಳ ಮೇಲೆ ಮಣ್ಣಿನ ಮಾಳಿಗೆ. ನೆನೆದು ನೆನೆದು ಅವು ಕೂತವು. ಮುಂಡರಗಿ, ಶಿರಹಟ್ಟಿ ತಾಲೂಕುಗಳ ಊರೂರಿನಲ್ಲಿ ಗೋಡೆ ಬಿದ್ದು ಜನ ಶಾಲೆಗಳಿಗೆ ಬಂದರು. ಶಾಲೆಗಳಲ್ಲಿ ಸರಕಾರ ಗಂಜಿ ಕೇಂದ್ರ ತೆಗೆಯಿತು.

ಸಾವಕಾರರು 'ಸಂಜೀವಿನಿ ಗೆಳೆಯರ ಬಳಗ' ಎಂದು ಒಂದು ಬ್ಯಾನರು ಬರೆಸಿದರು. ಬಳಗದಲ್ಲಿ ಅವರೇ ಅಧ್ಯಕ್ಷರು. ಉಳಿದ ಗೆಳೆಯರು ಚಾಚಾ ಮತ್ತು ನಾನು. ಟೆಂಪೋಕ್ಕೆ ಬ್ಯಾನರು ಕಟ್ಟಿ, ಔಷಧ ತುಂಬಿದ ಆರು ರಟ್ಟಿನ ಖೋಕಾ ಏರಿಸಿ, ಸೋಮವಾರ ಹಿರೇವಡ್ಡಟ್ಟಿಗೆ ಹೋದೆವು.

ನಿಜ ಹೇಳಬೇಕೆಂದರೆ ನಾನು ಖುಷಿಯಿಂದಲೇ ಹೋದೆ. ಮೂರು ವರ್ಷದಲ್ಲಿ ಮೊದಲ ಸಲ ನನ್ನ ಓದಿಗೆ ಕೆಲಸ ಬಂದಿತ್ತು. ಔಷಧಗಳನ್ನು ಆಗಲೇ ಸಣ್ಣ ಕಾಗದದ ಪಾಕೀಟುಗಳಲ್ಲಿ ತುಂಬಿ ಪಿನ್ನು ಹೊಡೆದಿದ್ದರು. ಮೇಲೆ ಚಾಚಾನ ಅಕ್ಷರ: ಜ್ವರ, ಕೆಮ್ಮು, ವಾಂತಿ, ಬಿ.ಪಿ., ಫಿಟ್ಸ್.

"ಬಿಚ್ಚಿ ನೋಡಕೋಂತ ಕುಂದರಬ್ಯಾಡ," ಅಂದಿದ್ದರು ಸಾವಕಾರರು. "ಪಾಳೆ ಉದ್ದ ಐತಿ. ಕೈಗೆ ಕೊಟ್ಟು ಮುಂದಕ್ಕ ಕಳಸು."

ನಾನು ಬಿಚ್ಚಿ ನೋಡಲಿಲ್ಲ. ಇಷ್ಟೇ ನನ್ನ ತಪ್ಪು, ಇದಕ್ಕಿಂತ ದೊಡ್ಡ ತಪ್ಪು ನಮ್ಮ ಕಸುಬಿನಲ್ಲಿ ಇಲ್ಲ. ಕೊಡುವ ಮೊದಲು ನೋಡುವುದೇ ನಮ್ಮ ಕೆಲಸ. ಉಳಿದದ್ದನ್ನು ಕಿರಾಣಿ ಅಂಗಡಿಯವನೂ ಮಾಡುತ್ತಾನೆ.

ಪಾಳೆಯಲ್ಲಿ ಒಬ್ಬ ಮುದುಕಿ ಬಂದಳು. ಹೆಸರು ಸಿದ್ದಲಿಂಗವ್ವ. ಅವಳ ಹಿಂದೆ ಸೊಸೆ ಸುಶ್ಮಿತಾ, ಹತ್ತೊಂಬತ್ತೋ ಇಪ್ಪತ್ತೋ ವಯಸ್ಸು, ಮೈಮೇಲೆ ಯಾರದೋ ದೊಡ್ಡ ಸ್ವೆಟರ್. ಮುದುಕಿ ಸೊಂಟದ ಎಲೆಯಡಿಕೆ ಸಂಚಿ ಬಿಚ್ಚಿ, ಅಡಿಕೆ ಹೋಳಿನ ನಡುವಿನಿಂದ ಒಂದು ಖಾಲಿ ಸ್ಟ್ರಿಪ್ಪಿನ ತುಂಡು ತೆಗೆದಳು. ಓದಲು ಬಾರದವರು ಹೀಗೇ ಮಾಡುವುದು. ಹಳೆಯ ತುಂಡು ತೋರಿಸಿ, ಇಂಥಾದ್ದೇ ಕೊಡ್ರಿ ಅನ್ನುವುದು. ಹಳ್ಳಿಯ ಸಂಚಿಗಳಲ್ಲಿ ಇರುವುದೆಲ್ಲ ಬಾಲಗಳೇ.

"ಡಾಕ್ಟರಬಾಯಿ, ಈಕಿಗೆ ಫಿಟ್ಸ್ ಬರ್ತಾವು. ಗುಳಿಗಿ ಗ್ವಾಡಿ ಬುಡಕ ಹ್ವಾದುವು. ಮೂರು ದಿನಾ ಆತು ನುಂಗಿಲ್ಲ."

"ನಾ ಡಾಕ್ಟರ್ ಅಲ್ಲಬೇ, ಔಷಧದಾಕಿ."

"ಯಾರರ ಆಗವಾ. ಗುಳಿಗಿ ಕೊಡು."

ತುಂಡಿನ ಮೇಲಿನ ಹೆಸರು ಓದಿದೆ. ಫಿಟ್ಸ್ ಎಂದು ಬರೆದ ಪಾಕೀಟಿನ ಒಂದು ಮೂಲೆ ಹರಿದು ಹೆಸರು ಹೋಲಿಸಿದೆ. ಅದೇ ಗುಳಿಗೆ. ಹೆಸರು ನೋಡಿದೆ, ತಾರೀಖು ನೋಡಲಿಲ್ಲ. ಮುಂಜಾನೆ ಒಂದು, ಸಂಜೀಕೊಂದು, ತಪ್ಪಿಸಬ್ಯಾಡ ಅಂದೆ. ಸುಶ್ಮಿತಾ ತಲೆ ಆಡಿಸಿದಳು.

ಬುಧವಾರ ಮತ್ತೆ ಹೋದೆವು. ಈ ಸಲ ಪತ್ರಿಕೆಯ ಫೋಟೋದವರು ಬರುವವರಿದ್ದರು. ಸಾವಕಾರರು ಬಿಳಿ ಪ್ಯಾಂಟು ಹಾಕಿದ್ದರು. ಮಳೆ ನಿಂತಿತ್ತು, ಶಾಲೆಯ ಅಂಗಳದ ರಾಡಿ ನಿಂತಿರಲಿಲ್ಲ. ಖೋಕಾ ಇಳಿಸುತ್ತಿರುವಾಗ ಒಳಗಿನಿಂದ ಕೂಗು ಕೇಳಿತು.

ಸುಶ್ಮಿತಾ ನಾಲ್ಕನೇ ತರಗತಿಯ ಕೋಣೆಯಲ್ಲಿ ನೆಲದ ಮೇಲೆ ಬಿದ್ದಿದ್ದಳು. ಕೈಕಾಲು ಸೆಟೆದಿದ್ದವು, ಬಾಯಿಯಿಂದ ನೊರೆ. ಯಾರೋ ಕೈಗೆ ಕಬ್ಬಿಣ ಕೊಡ್ರಿ ಎಂದರು, ಇನ್ನೊಬ್ಬರು ಉಳ್ಳಾಗಡ್ಡಿ ಮೂಸಸ್ರಿ ಎಂದರು. ನಾನು ಅವರನ್ನು ದೂಡಿ ಅವಳನ್ನು ಮಗ್ಗುಲಾಗಿ ಮಲಗಿಸಿದೆ. ಕೇಂದ್ರಕ್ಕೆ ಹಾಕಿದ್ದ ನರ್ಸಬಾಯಿ ಸಾವಿತ್ರೆವ್ವ ಓಡಿ ಬಂದು ಸೂಜಿ ಚುಚ್ಚಿದರು.

"ನಿನ್ನೆ ಸಂಜೀಮುಂದ ಒಮ್ಮಿ ಬಂದಿತ್ತು, ಇದು ಎರಡನೇದ್ದು," ಅಂದರು ಸಾವಿತ್ರೆವ್ವ. "ಗುಳಿಗಿ ನುಂಗಾಕತ್ತಾಳ ಅಂತಾಳ ಮುದುಕಿ. ಯಾವ ಗುಳಿಗಿ ಕೊಟ್ಟೀರಿ?"

ಸಿದ್ದಲಿಂಗವ್ವ ಸಂಚಿಯಿಂದ ನಾನು ಕೊಟ್ಟ ಸ್ಟ್ರಿಪ್ ತೆಗೆದು ನನ್ನ ಕೈಯಲ್ಲಿ ಒತ್ತಿದಳು.

"ನೀ ಕೊಟ್ಟಿ. ನಾ ನುಂಗಿಸಿದೆ," ಅಂದಳು.

ಸ್ಟ್ರಿಪ್ ತಿರುಗಿಸಿ ನೋಡಿದೆ. ಬಾಲ ಇತ್ತು. ತಲಿ ಇರಲಿಲ್ಲ. ಕತ್ತರಿಸಿದ ಅಂಚಿನ ನಡುವೆ ಹಲ್ಲಿನಂಥ ಒಂದು ಸಣ್ಣ ಚೂರು ಎದ್ದು ನಿಂತಿತ್ತು. ನಮ್ಮ ಅಂಗಡಿಯ ಕತ್ತರಿಯ ಅಲಗು ಒಂದು ಕಡೆ ಮುಕ್ಕಾಗಿದೆ. ಅದು ಕತ್ತರಿಸಿದಲ್ಲೆಲ್ಲ ಈ ಹಲ್ಲು ಬಿಡುತ್ತದೆ. ದಿನಕ್ಕೆ ನೂರು ಸಲ ನಾನೇ ನೋಡುವ ಹಲ್ಲು.

ಹೊರಗೆ ಬಂದು ಒಂದು ಖೋಕಾ ರಾಡಿಯಲ್ಲೇ ಬೋರಲು ಹಾಕಿದೆ. ಪಾಕೀಟು ಹರಿದೆ. ಜ್ವರದ್ದು, ತಲಿ ಇಲ್ಲ. ಬಿ.ಪಿ.ಯದ್ದು, ತಲಿ ಇಲ್ಲ. ಇಪ್ಪತ್ತು ಪಾಕೀಟು ಹರಿದೆ. ಎಲ್ಲದರಲ್ಲೂ ಎಂಟೆಂಟೇ ಗುಳಿಗೆ, ಎಲ್ಲದಕ್ಕೂ ಅದೇ ಹಲ್ಲು. ಅಂಗಡಿಯಲ್ಲಿ ಉಳಿದ ತುಂಡು ಅಂದರೆ ಅದಕ್ಕೆ ತಲಿ ಇರಲೇಬೇಕು. ತಲಿ ಇಲ್ಲದ ತುಂಡು ಅಂಗಡಿಯಿಂದ ರಾಶಿಯಾಗಿ ಬಂದಿದೆ ಅಂದರೆ ಯಾರೋ ಕೂತು, ಒಂದೊಂದೇ ಹಿಡಿದು, ತಾರೀಖು ಕಾಣಬಾರದೆಂದೇ ಕಡಿದಿದ್ದಾರೆ. ಕಂಪನಿಯವರು ವಾಪಸ್ ತೆಗೆದುಕೊಳ್ಳದ ಹಳೆಯ ಮಾಲು ಹಿಂದಿನ ಕೋಣೆಯಲ್ಲಿ ಮೂಟೆಯಾಗಿ ಬಿದ್ದಿತ್ತು. ಸುಡಬೇಕು ಸುಡಬೇಕು ಅನ್ನುತ್ತಿದ್ದರು ಸಾವಕಾರರು. ಸುಡಲು ಒಳ್ಳೆಯ ಜಾಗ ಸಿಕ್ಕಿತ್ತು ಅವರಿಗೆ. ಬಡವರ ಹೊಟ್ಟೆ.

ಅಷ್ಟರಲ್ಲಿ ಸುಶ್ಮಿತಾಳನ್ನು ಮುಂಡರಗಿ ಆಸ್ಪತ್ರೆಗೆ ಒಯ್ಯಲು ಗಾಡಿ ಬೇಕೆಂದು ಸಾವಿತ್ರೆವ್ವ ಕೂಗಿದರು. ಸಾವಕಾರರು ತಕ್ಷಣ, "ನಮ್ಮ ಟೆಂಪೋ ಐತಲ್ರಿ!" ಅಂದರು. ಹೊತ್ತುಕೊಂಡು ಬಂದವರ ನಡುವೆ ತಾವೂ ಹೊಕ್ಕು ಸುಶ್ಮಿತಾಳ ಒಂದು ಕೈ ಹಿಡಿದರು. ಫೋಟೋದವನ ಕಡೆ ತಿರುಗಿ, "ಬ್ಯಾನರ್ ಬರೂಹಂಗ ತಗೀರಿ," ಅಂದರು. ಅವನು ತೆಗೆದ. ಮತ್ತೊಮ್ಮೆ ತೆಗೆದ.

ಸುಶ್ಮಿತಾ, ಸಿದ್ದಲಿಂಗವ್ವ ಇಬ್ಬರನ್ನೂ ಏರಿಸಿಕೊಂಡು ಟೆಂಪೋ ಹೋಯಿತು. ಸಾವಕಾರರು ಶಾಲೆಯಲ್ಲೇ ಉಳಿದರು. ನಾನು ಪಾಳೆಯ ಮುಂದೆ ನಿಂತು ಹೇಳಿದೆ: "ಯಾರೂ ಈ ಗುಳಿಗಿ ನುಂಗಬ್ಯಾಡ್ರಿ, ಇವುಗಳ ತಾರೀಖ ಮುಗದೈತಿ. ಸೋಮವಾರ ಕೊಟ್ಟದ್ದೂ ವಾಪಸ್ ಕೊಡ್ರಿ."

ಜನ ನಕ್ಕರು. ಆಮೇಲೆ ಬೈದರು.

"ಕೊಡಾಕ ಬಂದಾಕಿ ಬೇಡಾಕ ನಿಂತಾಳ ನೋಡೋ!"

"ಬ್ಯಾರೇ ಊರಿಗೆ ಒಯ್ಯಾಕ ಬೇಕಾಗಿರಬೇಕು."

"ಮನಿ ಹೋತು, ಗುಳಿಗಿನೂ ಕಸಗೊಳ್ರಿ. ಚಾದರಾನೂ ಬೇಕೇನು, ತಗೋರಿ!"

ಆ ಮನುಷ್ಯ ನಿಜವಾಗಿಯೂ ಚಾದರ ನನ್ನ ಮೇಲೆ ಎಸೆದ. ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಬಂತು. ಕೈಯಲ್ಲಿ ವಿಷ ಹಿಡಿದುಕೊಂಡು ನನಗೆ ಬೈಯುತ್ತಿದ್ದಾನಲ್ಲ ಎಂದು ಬಂತು. ಕೊನೆಗೆ ಸಾವಿತ್ರೆವ್ವ ಬಂದು ಎರಡು ಮಾತು ಗದರಿದ ಮೇಲೆ ಕೆಲವರು ಪಾಕೀಟು ತಂದು ಹಾಕಿದರು. ಎಲ್ಲರೂ ಹಾಕಲಿಲ್ಲ.

ಸಾವಕಾರರು ನನ್ನನ್ನು ಧ್ವಜದ ಕಟ್ಟೆಯ ಹಿಂದೆ ಕರೆದರು.

"ಏನ್ ಹಚ್ಚೀಯವಾ ಇದು, ಮಂದಿ ಮುಂದ?"

"ಇವೆಲ್ಲಾ ಎಕ್ಸ್‌ಪೈರಿ ಮಾಲು. ನೀವು ತಲಿ ಕಡಿಸೀರಿ."

"ನಾಕು ತಿಂಗಳು ಹೆಚ್ಚು ಕಡಿಮಿ ಆದ್ರ ಗುಳಿಗಿ ವಿಷ ಆಗೂದಿಲ್ಲ. ನಮ್ಮ ಮನ್ಯಾಗ ನಾವೂ ನುಂಗ್ತೀವಿ."

"ನುಂಗ್ರಿ ಹಂಗಾರ." ಸುಶ್ಮಿತಾಳ ಸ್ಟ್ರಿಪ್ಪಿನಿಂದ ಒಂದು ಗುಳಿಗೆ ಒತ್ತಿ ತೆಗೆದು ಅಂಗೈಯಲ್ಲಿ ಇಟ್ಟು ಚಾಚಿದೆ.

ಅವರು ಅದನ್ನು ನೋಡಿದರು. ಮುಟ್ಟಲಿಲ್ಲ. ದನಿ ತಗ್ಗಿಸಿದರು.

"ಶಾಣ್ಯಾ ಹುಡುಗಿ ಇದ್ದೀ, ಒಂದು ಮಾತು ತಿಳಕೋ. ಗ್ವಾಡಿ ಮ್ಯಾಲೆ ಯಾರ ಹೆಸರೈತಿ? ನಂದಲ್ಲ. ಮಾಲು ಕೊಟ್ಟ ಕೈ ಯಾರದು? ನಂದಲ್ಲ. ನಾ ಬರೇ ವ್ಯಾಪಾರಸ್ತ, ನನಗೇನ್ ತಿಳೀತದ ಔಷಧದಾಗ? ನೀ ಬಾಯಿ ಬಿಟ್ಟೀ ಅಂದ್ರ ಮೊದ್ಲ ಹೋಗೂದು ನಿನ್ನ ಸರ್ಟಿಫಿಕೇಟು. ನಿಮ್ಮಪ್ಪಗ ಚೌಕಟ್ಟರ ಉಳೀತದ."

ಇದೆಲ್ಲ ಸುಳ್ಳಾಗಿದ್ದರೆ ನನಗೆ ಅಷ್ಟು ಉರಿಯುತ್ತಿರಲಿಲ್ಲ. ಎಲ್ಲ ನಿಜವಿತ್ತು.

ಚಾಚಾ ಶಾಲೆಯ ಮೆಟ್ಟಿಲ ಮೇಲೆ ಕೂತಿದ್ದರು. ಬೆಳಗಿನಿಂದ ನನ್ನ ಕಡೆ ನೋಡಿರಲಿಲ್ಲ. ಸ್ಟ್ರಿಪ್ಪನ್ನು ಅವರ ಮೊಣಕಾಲ ಮೇಲೆ ಇಟ್ಟೆ.

"ಹೆಣಾ ಯಾರಿಗೆ ಮಾರ್ತೀ ಅಂತ ನನ್ನ ಕೇಳಿದ್ರೆಲ್ಲಾ, ಚಾಚಾ. ಮಾರೋದ ಬ್ಯಾಡ ಅಂತ ಪುಕ್ಕಟೆ ಹಂಚಿದ್ರೇನು?"

"ಸಾವಕಾರ್ರು ಹೇಳಿದ್ರು ಬೇಟಿ. ನೀ ಶುಕ್ರವಾರ ಲಕ್ಷ್ಮೇಶ್ವರಕ್ಕ ಹೋದಾಗ ಕುಂತು ಕಡದೆ. ಇಡೀ ದಿನಾ ಕಡದೆ." ಹೆಬ್ಬೆರಳು ತೋರಿಸಿದರು. ಕತ್ತರಿಯ ಹಿಡಿ ಒತ್ತಿದ ಜಾಗದಲ್ಲಿ ಬೊಕ್ಕೆ ಎದ್ದು ಒಡೆದಿತ್ತು. ನನಗೆ ಮರುಕ ಬರಲಿಲ್ಲ.

"ತಲಿ ಎಲ್ಲಿ?"

"ಸುಟ್ಟುಬಿಡು ಅಂದಿದ್ರು."

"ಸುಟ್ಟೀರೇನು?"

ಚಾಚಾ ಸ್ಟ್ರಿಪ್ಪಿನ ಕಡಿದ ಅಂಚನ್ನು ಬೆರಳಿನಿಂದ ಸವರಿದರು.

"ಇಪ್ಪತ್ತೆರಡು ವರ್ಷ ಆತು ಬೇಟಿ. ಬಾಲ ಕೊಡೋದು, ತಲಿ ಇಟ್ಕೊಳ್ಳೋದು. ತಲಿ ಒಗಿಯಾಕ ಕೈ ಏಳಲಿಲ್ಲ. ಬಿಸ್ಕೀಟಿನ ಡಬ್ಬಿಯಾಗ ಹಾಕಿ, ಗ್ಲುಕೋಸ್ ಪಾಕೀಟಿನ ಹಿಂದ ಇಟ್ಟೀನಿ."

ಇಂಥ ತಪ್ಪು ಔಷಧದ ಅಂಗಡಿಯವನು ಮಾತ್ರ ಮಾಡಬಲ್ಲ. ಬೇರೆ ಯಾವ ಕಳ್ಳನಾದರೂ ಸುಟ್ಟಿರುತ್ತಿದ್ದ.

"ಏಳ್ರಿ," ಅಂದೆ. "ಬಸ್ಸಿಗೆ ಹೋಗೋಣು."

"ಸಾವಕಾರ್ರು?"

"ಅವರು ಫೋಟೋ ತಗಸ್ಕೋಳ್ಳಿ."

ಮುಂಡರಗಿಯಲ್ಲಿ ಇಳಿದು ಆಸ್ಪತ್ರೆಗೆ ಹೋದೆ. ಚಾಚಾ ಬಾಗಿಲ ಹೊರಗೇ ನಿಂತರು. ಸುಶ್ಮಿತಾ ಎಚ್ಚರಾಗಿದ್ದಳು, ನಾಲಿಗೆ ಕಚ್ಚಿಕೊಂಡು ಬಾವು ಬಂದಿತ್ತು. ಹೊಸ ಗುಳಿಗೆ ಬರೆದಿದ್ದರು. ಸಿಸ್ಟರ್ ಕೈಗೆ ಕೊಟ್ಟಿದ್ದ ಸ್ಟ್ರಿಪ್ಪನ್ನು ಸಿದ್ದಲಿಂಗವ್ವ ಬೆಳಕಿಗೆ ಹಿಡಿದು ತಿರುಗಿಸಿ ನೋಡುತ್ತಿದ್ದಳು. ಅವಳಿಗೆ ಓದು ಬಾರದು.

"ಇದರಾಗ ತಾರೀಖ ಎಲ್ಲೈತಿ, ತೋರ್ಸು," ಅಂದಳು ನನಗೆ. ಶಾಲೆಯಲ್ಲಿ ನಾನು ಕೂಗಿದ್ದನ್ನು ಯಾರೋ ಅವಳಿಗೆ ಆಗಲೇ ಮುಟ್ಟಿಸಿದ್ದರು.

ತೋರಿಸಿದೆ. ಓದಿದೆ. ಇನ್ನೂ ಎರಡು ವರ್ಷ ಇತ್ತು.

"ಖರೆ ಓದಿದೇನು?"

"ಖರೇನ ಓದಿದೆ."

ಅವಳು ನಂಬದೆ ಸಿಸ್ಟರಿಗೆ ಕೊಟ್ಟು ಮತ್ತೊಮ್ಮೆ ಓದಿಸಿದಳು. ಸರಿಯಾಗೇ ಮಾಡಿದಳು.

"ನಿನ್ನ ಗುಳಿಗಿಯಿಂದ ಬಂತೋ, ಮೂರು ದಿನಾ ತಪ್ಪಿದ್ದಕ್ಕ ಬಂತೋ?" ಅಂದಳು.

"ಗೊತ್ತಿಲ್ಲಬೇ. ಅದು ಯಾರಿಗೂ ಗೊತ್ತಾಗೂದಿಲ್ಲ. ಅದಕ್ಕ ಅವರು ಇಂಥಾದ್ದು ಮಾಡೋದು."

ಬೆಟಗೇರಿ ಮುಟ್ಟಿದಾಗ ಮೂರೂವರೆ. ಬೀಗದ ಕೈ ನನ್ನ ಹತ್ತಿರ ಇತ್ತು. ಶಟರು ಎತ್ತಿದೆ. ಗ್ಲುಕೋಸ್ ಪಾಕೀಟುಗಳ ಹಿಂದೆ ಡಬ್ಬಿ ಇತ್ತು. ಕೌಂಟರಿನ ಮೇಲೆ ಸುರುವಿದೆ. ನೂರಾರು ತಲಿ, ಒಂದೊಂದಕ್ಕೂ ಎರಡೆರಡು ಗುಳಿಗೆ ಅಂಟಿಕೊಂಡೇ ಇದ್ದವು. ಸುಶ್ಮಿತಾಳ ಗುಳಿಗೆಯ ಹೆಸರಿನವು ಹದಿನಾಲ್ಕು. ಒಂದೊಂದನ್ನೇ ಅವಳ ಸ್ಟ್ರಿಪ್ಪಿಗೆ ಕೂಡಿಸುತ್ತ ಹೋದೆ. ಮುಕ್ಕು ಹಲ್ಲು, ಅದಕ್ಕೆ ತಕ್ಕ ಗುಳಿ, ಮೇಲಿನ ಅಕ್ಷರಗಳ ಸಾಲು ಸೇರಬೇಕು. ಒಂಬತ್ತನೆಯದು ಕೂಡಿತು.

ಜುಲೈ ಎರಡು ಸಾವಿರದ ಎಂಟು. ಹದಿನಾಲ್ಕು ತಿಂಗಳು ದಾಟಿದ ಮಾಲು. ನಾಲ್ಕು ತಿಂಗಳಂತೆ!

ಎರಡನ್ನೂ ಒಂದೇ ಹಾಳೆಗೆ ಅಂಟಿಸಿ, ಇನ್ನೊಂದು ಹಾಳೆ ತೆಗೆದು, ಕೆಳಗೆ ಕಾರ್ಬನ್ ಇಟ್ಟು ಬರೆಯತೊಡಗಿದೆ. ಔಷಧ ನಿರೀಕ್ಷಕರಿಗೆ. ಅಷ್ಟರಲ್ಲಿ ಒಬ್ಬಾಕೆ ಬಂದು ಜ್ವರಕ್ಕೆ ಎರಡು ಗುಳಿಗೆ ಕೇಳಿದಳು. ಕೈ ತಾನಾಗಿ ಸ್ಟ್ರಿಪ್ ತೆಗೆಯಿತು. ತಾರೀಖು ನೋಡಿದೆ, ಎರಡು ಸಲ ನೋಡಿದೆ, ಪೂರ್ತಿ ಸ್ಟ್ರಿಪ್ ಅವಳ ಕೈಯಲ್ಲಿ ಇಟ್ಟೆ. "ಎರಡ ಸಾಕ್ರೀ," ಅಂದಳು. "ತಲಿಸಮೇತ ಒಯ್ಯಿ," ಅಂದೆ. ಅವಳು ನನ್ನನ್ನು ಹುಚ್ಚಿ ಅಂದುಕೊಂಡಿರಬೇಕು.

ಸಾವಕಾರರ ಟೆಂಪೋ ಬಾಗಿಲಲ್ಲಿ ನಿಂತಿತು. ಅವರು ಮೆಟ್ಟಿಲು ಏರಿ, ಕೌಂಟರಿನ ಮೇಲಿನ ರಾಶಿ ನೋಡಿದರು. ಆಮೇಲೆ ಚಾಚಾನನ್ನು ನೋಡಿದರು.

"ಮಾಶಾಕ. ಸುಡು ಅಂದಿದ್ನೆಲ್ಲೋ?"

ಚಾಚಾ ಕೈಕಟ್ಟಿ ನಿಂತಿದ್ದರು. "ಮರತೆ ಸಾವಕಾರ್ರ."

"ಇಪ್ಪತ್ತೆರಡು ವರ್ಷ ಉಪ್ಪು ತಿಂದೀಯಲೇ."

"ತಿಂದೀನ್ರಿ. ಅದಕ್ಕ ಕಡದೆ."

ಸಾವಕಾರರು ರಾಶಿಯ ಕಡೆ ಕೈ ಚಾಚಿದರು. ನಾನು ಡಬ್ಬಿಯ ಬಾಯನ್ನು ಕೌಂಟರಿನ ಅಂಚಿಗೆ ಹಿಡಿದು ಎಲ್ಲವನ್ನೂ ಒಂದೇ ಸಲ ಬಳಿದು ಒಳಗೆ ಹಾಕಿಕೊಂಡೆ. ಕೆಲವು ಅವರ ಬಿಳಿ ಪ್ಯಾಂಟಿನ ಮೇಲೆ ಸಿಡಿದವು. ಬಗ್ಗಿ ಅವನ್ನೂ ಆರಿಸಿದೆ.

"ಕಾಗದದಾಗ ಏನ್ ಬರದೀ?"

ಓದಿ ಹೇಳಿದೆ. "ಮೊದಲನೇ ಸಾಲು: ಈ ಅಂಗಡಿಯ ಔಷಧಗಳಿಗೆ ಜವಾಬ್ದಾರಳಾದ ರುಹಿ ಅಲ್ಲಾಸಾಬ ನದಾಫ ಎಂಬ ನಾನು, ತಾರೀಖು ನೋಡದೆ, ನನ್ನ ಕೈಯಾರೆ..."

"ನಿನಗ ನೀನ ಉರ್ಲ ಹಾಕ್ಕೊಳ್ಳಾಕತ್ತೀ, ಹುಚ್ಚಿ."

"ಗೊತ್ತೈತ್ರಿ. ಎರಡನೇ ಸಾಲಿನ್ಯಾಗ ನೀವದೀರಿ."

ಕುರ್ಚಿ ಹತ್ತಿ ಗೋಡೆಯ ಚೌಕಟ್ಟು ಇಳಿಸಿದೆ. ಮೊಳೆ ಗೋಡೆಯಲ್ಲೇ ಉಳಿಯಿತು. ಸಾವಕಾರರು ಹಲ್ಲು ಕಡಿದು ನಕ್ಕರು.

"ಹತ್ತು ದಿನದಾಗ ಬ್ಯಾರೇದಾಕಿನ್ನ ತಂದು ಅದ ಮೊಳಿಗೆ ಜೋತುಹಾಕ್ತೀನಿ. ಡಿ.ಫಾರ್ಮ ಓದಿದಾವ್ರು ಗಲ್ಲಿಗೊಬ್ರು ಅದಾರ."

"ಹಾಕ್ರಿ. ಇವತ್ತಂತೂ ಅಂಗಡಿ ತಗಿಯಂಗಿಲ್ಲ. ಸರ್ಟಿಫಿಕೇಟ್ ಇಲ್ಲ. ಹೊರಗ ಬರ್ರಿ, ಶಟರ್ ಎಳೀತೀನಿ."

ಅವರು ಬರಲಿಲ್ಲ. ನಾನು ಅರ್ಧ ಎಳೆದು ಬಿಟ್ಟೆ.

ಚಾಚಾ ಹಿಂದೆ ಬಂದರು. ಒಂದು ಕೈಯಲ್ಲಿ ಡಬ್ಬಿ, ಇನ್ನೊಂದರಲ್ಲಿ ಚೌಕಟ್ಟು ಹಿಡಿದು ನಾನು ಬೇಗ ಬೇಗ ನಡೆಯುತ್ತಿದ್ದೆ.

"ಬೇಟಿ, ನನ್ನ ಹೆಸರು ಬರದೀಯೇನು?"

"ಬರದೀನಿ."

"ಮನ್ಯಾಗ ಮೂರು ಮಂದಿ ಅದಾರ."

"ಹಿರೇವಡ್ಡಟ್ಟಿ ಶಾಲ್ಯಾಗ ನಾನೂರು ಮಂದಿ ಅದಾರ. ಡಬ್ಬಿ ಸುಡಲಿಲ್ಲ ಅಂತನೂ ಬರದೀನಿ. ಎರಡೂ ಖರೆ."

ಅವರು ಅಲ್ಲೇ ನಿಂತರು. ನಾನು ತಿರುಗಿ ನೋಡಲಿಲ್ಲ.

ಔಷಧ ನಿರೀಕ್ಷಕರ ಕಚೇರಿಯಲ್ಲಿ ಒಬ್ಬ ಗುಮಾಸ್ತರು ಇದ್ದರು. ಐದಕ್ಕೆ ಇನ್ನು ಹತ್ತು ನಿಮಿಷ ಇತ್ತು. ಕಾಗದ ಓದಿ ಕನ್ನಡಕ ತೆಗೆದರು.

"ಸಾಹೇಬ್ರು ಮಳಿ ಡ್ಯೂಟಿ ಮ್ಯಾಲೆ ಹೊರಗದಾರವ್ವಾ. ನಾಳೆ ಬಾ. ಇದರಾಗ ನಿನ್ನ ಹೆಸರ ಮೊದ್ಲ ಐತಿ, ನೋಡೀಯಿಲ್ಲೋ? ಮನಿಗೆ ಹೋಗಿ ಒಂದು ರಾತ್ರಿ ವಿಚಾರ ಮಾಡು."

"ಮಾಡೇನ್ರಿ. ತಗೊಂಡು ನನ್ನ ಪ್ರತಿಗೆ ಸಿಕ್ಕಾ ಒತ್ರಿ."

ಅವರು ನಿಟ್ಟುಸಿರು ಬಿಟ್ಟು ಕಚೇರಿಯ ಮೊಹರು ಒತ್ತಿದರು. ನನ್ನ ಪ್ರತಿ ವಾಪಸ್ ಕೊಟ್ಟರು. ತಿರುಗಿಸಿ ನೋಡಿದೆ.

"ತಾರೀಖ ಹಾಕಿಲ್ಲಲ್ರಿ."

"ಆಮ್ಯಾಲೆ ಹಾಕ್ತೀವಿ. ಅದಕ್ಕೇನ್ ಅವಸರ?"

"ಈಗ ಹಾಕ್ರಿ," ಅಂದೆ. ನನ್ನ ದನಿ ಪಕ್ಕದ ಕೋಣೆಗೂ ಕೇಳಿರಬೇಕು, ಯಾರೋ ಇಣುಕಿದರು. "ತಾರೀಖ ಹಾಕೋತನಾ ನಾ ಇಲ್ಲಿಂದ ಏಳೂದಿಲ್ಲ."

ಡಬ್ಬಿ ಮೇಜಿನ ಮೇಲಿಟ್ಟು, ಕುರ್ಚಿ ಎಳೆದುಕೊಂಡು ಕೂತೆ. ಅವರು ಪೆನ್ನು ಹುಡುಕತೊಡಗಿದರು.